ಮಾರಾಟ ಏರಿದರೂ ಲಾಭ ಇಳಿದಿದೆ: ಓವರ್‌ಹೆಡ್ ಖರ್ಚನ್ನು ಎಲ್ಲಿ ಹಿಡಿಯಬೇಕು?

ಚೀಲದವ:
ಬಲ್ಲವರಲ್ಲಿ ಒಂದು ವಿಚಾರ ಕೇಳಬೇಕಾಗಿದೆ. ಬಟ್ಟೆಯ ಚೀಲ ಹೊಲಿಸಿ ಅಂಗಡಿಗಳಿಗೆ ಸಗಟಾಗಿ ಕೊಡುವ ಸಣ್ಣ ಘಟಕವೊಂದನ್ನು ನಡೆಸುತ್ತಿದ್ದೇನೆ. ಕಳೆದ ವರ್ಷದ ಮಾರಾಟವನ್ನು 100 ಎಂದಿಟ್ಟುಕೊಂಡರೆ ಈ ವರ್ಷ ಅದು 140ಕ್ಕೆ ಏರಿದೆ. ಬಟ್ಟೆ, ದಾರ, ಹೊಲಿಗೆಯ ಕೂಲಿ ಸೇರಿದ ನೇರ ಖರ್ಚು ಎರಡೂ ವರ್ಷ ಮಾರಾಟದ ಶೇ. 60ರಷ್ಟೇ ಇದೆ. ಆದರೆ ಬಾಡಿಗೆ, ಮೇಲ್ವಿಚಾರಕರ ಸಂಬಳ, ವಿಮೆ, ಸಾಫ್ಟ್‌ವೇರ್ ಚಂದಾ, ವಾಹನದ ಕಂತು ಎಲ್ಲ ಸೇರಿದ ಓವರ್‌ಹೆಡ್, ಅಂದರೆ ಚೀಲದ ತಯಾರಿಕೆಗೆ ನೇರವಾಗಿ ತಗಲದ ಖರ್ಚು, 28 ಇದ್ದದ್ದು 46 ಆಗಿದೆ. 12 ಉಳಿಯುತ್ತಿದ್ದ ಕಡೆ ಈಗ 10 ಉಳಿಯುತ್ತಿದೆ. ಓವರ್‌ಹೆಡ್ ಮಾರಾಟದ ಶೇಕಡಾ ಎಷ್ಟಿದ್ದರೆ ಸರಿ? ಯಾವುದನ್ನು ಮೊದಲು ಕಡಿತ ಮಾಡಬೇಕು?

ಲೆಕ್ಕಿಗ:
ಉತ್ತರ ನಿಮ್ಮ ಅಂಕಿಗಳಲ್ಲೇ ಇದೆ. ಪ್ರತಿ 100ರ ಮಾರಾಟದಲ್ಲಿ ನೇರ ಖರ್ಚು ಕಳೆದು 40 ಉಳಿಯುವುದರಿಂದ, ಕಳೆದ ವರ್ಷ 28ರ ಸ್ಥಿರ ವೆಚ್ಚವನ್ನು (ಮಾರಾಟ ಏರಿಳಿದರೂ ಕೊಡಲೇಬೇಕಾದ ಈ ಓವರ್‌ಹೆಡ್ಡನ್ನು) ತುಂಬಿಕೊಳ್ಳಲು 70ರ ಮಾರಾಟ ಸಾಕಿತ್ತು. ಈ ವರ್ಷ 46ನ್ನು ತುಂಬಿಕೊಳ್ಳಲು 115 ಬೇಕು. ಅಂದರೆ, ಆಗ ಲಾಭ ತಂದುಕೊಟ್ಟ ಅದೇ 100ರ ಮಾರಾಟ ಈಗ ಬಂದರೆ ನಿಮಗೆ 6 ನಷ್ಟ. ಮೊದಲು ವ್ಯಾಪಾರ ಶೇ. 30ರಷ್ಟು ಕುಸಿದರೂ ತಡೆದುಕೊಳ್ಳುತ್ತಿದ್ದಿರಿ. ಈಗ ಸುಮಾರು ಶೇ. 18ರಷ್ಟು ಕುಸಿದರೆ ಸಾಕು, ಲಾಭವೆಲ್ಲ ಮುಗಿಯಿತು. ಲಾಭ 2 ಇಳಿದದ್ದಕ್ಕಿಂತ ಇದೇ ಹೆಚ್ಚು ಆತಂಕದ ಸಂಗತಿ.

ಎಲ್ಲ ವ್ಯಾಪಾರಕ್ಕೂ ಹೊಂದುವ ಶೇಕಡಾವಾರು ಎಂಬುದಿಲ್ಲ. ನಿಮ್ಮ ಲೆಕ್ಕದಲ್ಲಿ 4ರಷ್ಟು ಹೊಸ ಸ್ಥಿರ ವೆಚ್ಚ ಸೇರಿದರೆ, ಅದನ್ನು ಸರಿದೂಗಿಸಲಿಕ್ಕೇ ಮಾರಾಟ 10 ಹೆಚ್ಚಬೇಕು. ಸಹಿ ಹಾಕುವ ಮೊದಲು ಆ 10 ಎಲ್ಲಿಂದ ಬರುತ್ತದೆ ಎಂದು ಹೇಳಲು ಸಾಧ್ಯವೇ ನೋಡಿಕೊಳ್ಳಿ. ಇನ್ನೊಂದು ಮಾತು: ವಾಹನದ ಕಂತನ್ನು ಪೂರ್ತಿ ಖರ್ಚಿಗೆ ಬರೆದಂತಿದೆ. ಅದರಲ್ಲಿ ಬಡ್ಡಿ ಮಾತ್ರ ಖರ್ಚು, ಅಸಲು ಸಾಲದ ತೀರುವಳಿ. ಅಸಲಿನ ಬದಲು ವಾಹನದ ಸವಕಳಿಯನ್ನು, ಅಂದರೆ ಬಳಸುತ್ತಾ ಹೋದಂತೆ ವರ್ಷವರ್ಷ ಇಳಿಯುವ ಅದರ ಬೆಲೆಯನ್ನು, ಬರೆಯಬೇಕು. ಕೈಯಿಂದ ಹೋಗುವ ಹಣವಂತೂ ಪ್ರತಿ ತಿಂಗಳೂ ಹೋಗುತ್ತದೆನ್ನಿ.

ಹಳೇ ವ್ಯಾಪಾರಿ:
ಲೆಕ್ಕಿಗರ ಮಾತು ಸರಿ, ಆದರೆ ಕಡಿತಕ್ಕೆ ಅವಸರಪಡಬೇಡಿ. ಒಮ್ಮೆ ನಾನು ಯಂತ್ರಗಳ ಸರ್ವೀಸನ್ನು ನಿಲ್ಲಿಸಿ ಉಳಿತಾಯವಾಯಿತೆಂದು ಹಿಗ್ಗಿದ್ದೆ. ದೊಡ್ಡ ಆರ್ಡರ್ ನಡುವೆ ಎರಡು ಯಂತ್ರಗಳು ಕೆಟ್ಟು ನಿಂತು, ಆ ವಾರವೆಲ್ಲ ಕೂಲಿ ಕೊಟ್ಟು ಜನರನ್ನು ಸುಮ್ಮನೆ ಕೂರಿಸಬೇಕಾಯಿತು.

ನನ್ನ ಕಣ್ಣು ಮೊದಲು ಹೋಗುವುದು ಖಾಲಿ ಬಿದ್ದಿರುವುದರ ಕಡೆಗೆ. ವಾರದಲ್ಲಿ ಎರಡೇ ದಿನ ಓಡುವ ಸ್ವಂತ ವಾಹನಕ್ಕಿಂತ ಬಾಡಿಗೆಯ ವಾಹನ ಪ್ರತಿ ಸಲ ದುಬಾರಿ ಎನಿಸಿದರೂ, ಸರಕಿಲ್ಲದ ದಿನ ಅದಕ್ಕೆ ಏನೂ ಕೊಡಬೇಕಿಲ್ಲ. ಆಮೇಲೆ ಗಿರಾಕಿಗಳನ್ನು ನೋಡಿ. 50 ಚೀಲ ಕೊಳ್ಳುವವರಿಗೂ 500 ಕೊಳ್ಳುವವರಿಗೂ ಬಿಲ್ಲು ಒಂದೇ, ಓಡಾಟ ಒಂದೇ, ಬಾಕಿಗಾಗಿ ಮಾಡುವ ಫೋನುಗಳೂ ಅಷ್ಟೇ. ಓವರ್‌ಹೆಡ್ಡನ್ನು ಚೀಲಗಳ ಎಣಿಕೆಯ ಮೇಲೆ ಹಂಚಿದರೆ ದೊಡ್ಡ ಗಿರಾಕಿಯ ತಲೆಗೆ ಹೊರೆ ಬೀಳುತ್ತದೆ. ಆ ಲೆಕ್ಕ ನಂಬಿ ಅವರಿಗೆ ದರ ಏರಿಸಿದಿರೋ, ಅವರು ಬಿಟ್ಟುಹೋಗಿ ಅದೇ ಬಾಡಿಗೆ, ಅದೇ ಸಂಬಳ ಉಳಿದವರ ಮೇಲೆ ಇನ್ನಷ್ಟು ಭಾರವಾಗುತ್ತದೆ.

ಚೀಲದವ:
ಇಬ್ಬರಿಗೂ ಧನ್ಯವಾದಗಳು. ನಿನ್ನೆ ಎರಡನೆಯ ಗೋದಾಮಿಗೆ ಹೋಗಿ ಅಳತೆ ಹಿಡಿದು ನೋಡಿದೆ. ಅರ್ಧ ಜಾಗ ಖಾಲಿ ಇದೆ, ಉಳಿದರ್ಧದ ಬಹುಪಾಲನ್ನು ಎರಡು ವರ್ಷದಿಂದ ಯಾರೂ ಕೇಳದ ಬಣ್ಣದ ಬಟ್ಟೆಯ ಥಾನುಗಳು ತುಂಬಿವೆ. ಕಡಿಮೆ ದರಕ್ಕಾದರೂ ಅವನ್ನು ಮಾರಿ, ಬಾಡಿಗೆ ಕರಾರು ಮುಗಿಯುವ ಮೊದಲೇ ಗೋದಾಮು ಬಿಡುವುದಾಗಿ ಮಾಲೀಕರಿಗೆ ನೋಟಿಸ್ ಕೊಡಲಿದ್ದೇನೆ. ಮೇಲ್ವಿಚಾರಕರನ್ನು ಮಾತ್ರ ಬಿಡುವುದಿಲ್ಲ. ಅವರು ಬಂದ ಮೇಲೆ ವಾಪಸು ಬರುವ ಚೀಲಗಳು ಕಡಿಮೆಯಾಗಿವೆ.