ಪಿಯುಸಿ ಹುಡುಗಿಯರಿಗೆ ಹಡಗಿನ ಕೆಲಸ: ಮೊದಲು ಏನು ಮಾಡಿಸಬೇಕು?

ತೀರ್ಥಹಳ್ಳಿ ಉಪನ್ಯಾಸಕಿ:
ನಮ್ಮ ಕಾಲೇಜಿನಲ್ಲಿ ಪಿಸಿಎಂಸಿ ಓದುತ್ತಿರುವ ಮೂವರು ಹುಡುಗಿಯರಿಗೆ ಮರ್ಚೆಂಟ್ ನೇವಿ (ವಾಣಿಜ್ಯ ಹಡಗುಗಳ ಕೆಲಸ) ಸೇರುವ ಆಸೆ. ಮನೆಯವರಿಗೆ ಗೊತ್ತಿರುವುದು ಸಿಗಂದೂರಿನ ಲಾಂಚು ಮಾತ್ರ, ಹಾಗಾಗಿ ಹೆದರಿಕೆ. ಸೀಟು, ಕೆಲಸ ಎರಡನ್ನೂ ಕೊಡಿಸುತ್ತೇನೆಂದು ಒಬ್ಬ ಏಜೆಂಟ್ ಹಣ ಕೇಳುತ್ತಿದ್ದಾನೆ. ಹಡಗು ನಡೆಸುವ ಡೆಕ್ ವಿಭಾಗ ಒಳ್ಳೆಯದೋ, ಯಂತ್ರ ನೋಡಿಕೊಳ್ಳುವ ಇಂಜಿನ್ನೋ? ಯಾವುದರಿಂದ ಶುರು ಮಾಡಿಸಲಿ?

ಪಣಂಬೂರು ಡೆಕ್:
ಮೇಡಂ, ಏಜೆಂಟನಿಗೆ ಒಂದು ರೂಪಾಯಿಯೂ ಬೇಡ. ಹಡಗಿನಲ್ಲಿ ಕೆಲಸ ಕೊಡಿಸಲು ನಾವಿಕರಿಂದ ಹಣ ಕೀಳುವುದು ಕಾನೂನಿಗೆ ವಿರುದ್ಧ. ಕಂಪನಿಗೆ ನಾವಿಕರನ್ನು ನೇಮಿಸಲು ಬೇಕಾದ ಆರ್‌ಪಿಎಸ್‌ಎಲ್ ಪರವಾನಗಿ ಇದೆಯೇ ಎಂದು ಕೇಂದ್ರದ ಹಡಗು ನಿರ್ದೇಶನಾಲಯವಾದ ಡಿಜಿ ಶಿಪ್ಪಿಂಗ್ ಜಾಲತಾಣದಲ್ಲೇ ನೋಡಿಬಿಡಿ.

ಕೋಚಿಂಗ್‌ಗೆ ದುಡ್ಡು ಕಟ್ಟುವ ಮೊದಲು ಕಣ್ಣು ಪರೀಕ್ಷೆ ಮಾಡಿಸಿ. ರಾತ್ರಿ ಎದುರು ಹಡಗಿನ ಕೆಂಪು, ಹಸಿರು ದೀಪ ನೋಡಿಯೇ ಅದು ಯಾವ ಕಡೆ ಹೊರಟಿದೆ ಎಂದು ತಿಳಿಯಬೇಕು, ಹಾಗಾಗಿ ಬಣ್ಣಗುರುಡು ಇದ್ದರೆ ಆಗದು. ಹೆಣ್ಣುಮಕ್ಕಳಲ್ಲಿ ಇದು ಅಪರೂಪ, ಆದರೂ ಬಣ್ಣ ಗುರುತಿಸುವ ಇಶಿಹಾರ ಪರೀಕ್ಷೆ ಬಿಡಬೇಡಿ. ಇಂಜಿನ್ ವಿಭಾಗದಲ್ಲಿ ಕಡಿಮೆ ಪವರಿನ ಕನ್ನಡಕ ನಡೆಯುತ್ತದೆ.

ಆಮೇಲೆ ಐಎಂಯು-ಸಿಇಟಿ, ಅಂದರೆ ಭಾರತೀಯ ಸಾಗರ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ. ಪಿಸಿಎಂನಲ್ಲಿ ಶೇ. 60, ಹತ್ತು ಅಥವಾ ಹನ್ನೆರಡನೆಯ ತರಗತಿಯ ಇಂಗ್ಲಿಷಿನಲ್ಲಿ ಶೇ. 50 ಇರಬೇಕು.

ಹುಡುಗಿಯರು ಸಿಕ್ಕಿಹಾಕಿಕೊಳ್ಳುವುದು ಸೀಟಿನಲ್ಲಲ್ಲ, ಹಡಗಿನ ಮೇಲೆ ಕಳೆಯಬೇಕಾದ ಅವಧಿಯಾದ ಸೀ ಟೈಮ್‌ನಲ್ಲಿ. ಡಿಎನ್‌ಎಸ್ (ಡೆಕ್ ವಿಭಾಗದ ಡಿಪ್ಲೊಮಾ) ತರಗತಿ ಒಂದೇ ವರ್ಷ. ಡೆಕ್ ಅಧಿಕಾರಿಯಾಗಲು ಬರೆಯುವ ಸೆಕೆಂಡ್ ಮೇಟ್ ಪರೀಕ್ಷೆಗೆ ಕೂರಲು ಹಡಗಿನ ಮೇಲೆ 18 ತಿಂಗಳು ಆಗಿರಬೇಕು. ಎರಡು ಕಾಂಟ್ರ್ಯಾಕ್ಟ್‌ಗಳ ನಡುವೆ ಮನೆಯಲ್ಲಿ ಕಾದ ತಿಂಗಳು ಲೆಕ್ಕಕ್ಕಿಲ್ಲ. ಆದ್ದರಿಂದ ಕಂಪನಿಯ ಸ್ಪಾನ್ಸರ್‌ಶಿಪ್ ಪತ್ರ ಕೈಗೆ ಬರದೆ ಫೀಸು ಕಟ್ಟಿಸಬೇಡಿ. ತರಬೇತಿಯಲ್ಲಿರುವ ಹೆಣ್ಣು ಕೆಡೆಟ್‌ಗಳನ್ನು ಈಗ ಹಡಗಿಗೆ ಹತ್ತಿಸುತ್ತಿದ್ದೀರಾ, ಪೂರ್ತಿ 18 ತಿಂಗಳು ನೀವೇ ಕೊಡುತ್ತೀರಾ ಎಂದು ಇಮೇಲ್‌ನಲ್ಲೇ ಕೇಳಿ. ಬಾಯಿಮಾತಿನ ಭರವಸೆ ಸಾಲದು.

ಇಂಜಿನ್ ರೂಮ್ ಶಿವಮೊಗ್ಗ:
ಮನೆಯವರು ಹಿಂಜರಿದರೆ ಇನ್ನೊಂದು ದಾರಿ ಇದೆ: ಶಿವಮೊಗ್ಗದಲ್ಲೇ ಮೆಕ್ಯಾನಿಕಲ್ ಬಿಇ ಮುಗಿಸಿ, ಹಡಗಿನ ಇಂಜಿನಿಯರ್ ಆಗಲು ಪದವೀಧರರಿಗಿರುವ ಜಿಎಂಇ ಕೋರ್ಸ್. ಎಲೆಕ್ಟ್ರಿಕಲ್ ಓದಿದರೆ ಇಟಿಒ, ಅಂದರೆ ಹಡಗಿನ ವಿದ್ಯುತ್ ವ್ಯವಸ್ಥೆ ನೋಡುವ ಅಧಿಕಾರಿ. ನಡುವೆ ಮನಸ್ಸು ಬದಲಾದರೂ ಡಿಗ್ರಿ ಕೈಯಲ್ಲಿರುತ್ತದೆ. ನನ್ನ ಮತ ಇದಕ್ಕೇ.

ಹಡಗು ಹತ್ತುವ ಮುಂಚೆ ಬಾಯ್ಲರ್ ಸೂಟ್ (ಮೈಪೂರ್ತಿ ಮುಚ್ಚುವ ಕೆಲಸದ ಉಡುಪು), ಸೇಫ್ಟಿ ಶೂ, ನೀರಿಗೆ ಬಿದ್ದರೆ ಚಳಿಯಿಂದ ಕಾಯುವ ಇಮ್ಮರ್ಶನ್ ಸೂಟಿನ ಅಳತೆ ಕಳಿಸಲೇಬೇಕು. ಹೆಚ್ಚಿನವು ಗಂಡಸರ ಅಳತೆಯವು. ಜೋತುಬಿದ್ದ ತೋಳು ತಿರುಗುವ ಶಾಫ್ಟಿಗೆ ಸಿಕ್ಕಿದರೆ ಕೈಯೇ ಹೋದೀತು. ಪೂರ್ತಿ ಕಾಂಟ್ರ್ಯಾಕ್ಟ್‌ಗೆ ಸಾಕಾಗುವಷ್ಟು ಪ್ಯಾಡ್ ಊರಿಂದಲೇ ಒಯ್ಯಲಿ. ಹಡಗಿನ ವ್ಯಾಕ್ಯೂಮ್ ಟಾಯ್ಲೆಟ್‌ಗೆ ಹಾಕಿದರೆ ಪೈಪು ಕಟ್ಟಿ ಸುತ್ತಲಿನ ಕ್ಯಾಬಿನ್‌ಗಳಿಗೂ ತೊಂದರೆ. ಕಟ್ಟಿ, ಮುಚ್ಚಳದ ಡಬ್ಬಿಗೆ ಹಾಕಬೇಕು.

ಹೆಣ್ಣುಮಕ್ಕಳಿಗೆ ಬೇರೆ ಮಲಗುವ ಕೋಣೆ, ಬೇರೆ ಬಚ್ಚಲು ಕೊಡಬೇಕೆಂದು ನಾವಿಕರ ಹಕ್ಕುಗಳ ಅಂತರರಾಷ್ಟ್ರೀಯ ಒಪ್ಪಂದವಾದ ಎಂಎಲ್‌ಸಿ 2006 ಹೇಳುತ್ತದೆ. ಪಿಎಸ್‌ಎಸ್‌ಆರ್ (ಹಡಗಿನ ಸುರಕ್ಷತೆಯ ಮೂಲ) ತರಬೇತಿಯಲ್ಲಿ ಲೈಂಗಿಕ ಕಿರುಕುಳ ತಡೆಯುವ ಪಾಠ 2026ರ ಜನವರಿ 1ರಿಂದ ಕಡ್ಡಾಯ. ಮನೆಯವರಿಗೆ ಇದನ್ನು ಬಿಡಿಸಿ ಹೇಳಿ.

ತೀರ್ಥಹಳ್ಳಿ ಉಪನ್ಯಾಸಕಿ:
ಇಬ್ಬರಿಗೂ ಧನ್ಯವಾದ. ಮದುವೆ, ಬಾಣಂತನ ಅಂತ ಎರಡು ಮೂರು ವರ್ಷ ಬಿಟ್ಟರೆ ಓದಿದ್ದೆಲ್ಲ ವ್ಯರ್ಥವೇ?

ಪಣಂಬೂರು ಡೆಕ್:
ಇಲ್ಲ ಮೇಡಂ. ಅಧಿಕಾರಿಯ ಅರ್ಹತಾ ಪತ್ರವಾದ ಸಿಒಸಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಆ 5 ವರ್ಷದಲ್ಲಿ ಒಟ್ಟು 12 ತಿಂಗಳು, ಇಲ್ಲವೇ ಕೊನೆಯ 6 ತಿಂಗಳಲ್ಲಿ 3 ತಿಂಗಳು ಹಡಗಿನಲ್ಲಿದ್ದರೆ ಸಾಕು. ಹಾಗಾಗಿ ಬಿಡುವು ತೆಗೆದುಕೊಳ್ಳುವ ಮೊದಲೇ 12 ತಿಂಗಳು ಮುಗಿಸಿಕೊಂಡರೆ ನಿಶ್ಚಿಂತೆ. ಅದೂ ತಪ್ಪಿದರೆ ಮಾನ್ಯತೆ ಪಡೆದ ಕೋರ್ಸಿನ ದಾರಿಯಿದೆ. ಮುಗಿಯುವ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿಕೊಳ್ಳಲಿ.