ಸಿವಿಲ್ ವಿಭಾಗದ ಹಳೆಯ ವಿದ್ಯಾರ್ಥಿಗಳ ಗುಂಪು: ಐವರ್‌ನ ಕಸದ ನೆಲದ ಚರ್ಚೆ

ಪ್ರಕಾಶ (ಸ್ಲೌ, ಇಂಗ್ಲೆಂಡ್): ನಮ್ಮ ಪಕ್ಕದ ಊರಿನ ಒಂದು ಸುದ್ದಿಯನ್ನು ಹೇಳುತ್ತೇನೆ. ಬಕಿಂಗ್‌ಹ್ಯಾಮ್‌ಶೈರ್‌ನ ಐವರ್‌ನಲ್ಲಿ, ಎಂ25 ಹೆದ್ದಾರಿಯ ಮಗ್ಗುಲಿನ ವುಡ್‌ಲ್ಯಾಂಡ್ಸ್ ಪಾರ್ಕ್ ಎಂಬ ಹಳೆಯ ಕಸದ ಭೂಮಿಯಲ್ಲಿ ಡೇಟಾ ಸೆಂಟರ್ (ಇಂಟರ್ನೆಟ್ ಸೇವೆಗಳ ಸಾವಿರಾರು ಕಂಪ್ಯೂಟರ್ ಸದಾ ಓಡುವ ಕಟ್ಟಡ) ಕಟ್ಟಲು ಸ್ಥಳೀಯ ಕೌನ್ಸಿಲ್ ಒಪ್ಪಿರಲಿಲ್ಲ. 2025ರಲ್ಲಿ ಆಗಿನ ಸಚಿವೆ ಆಂಜೆಲಾ ರೇನರ್ ಕೊಟ್ಟ ಅನುಮತಿಯನ್ನು ಪರಿಸರ ಸಂಘಟನೆಗಳು ನ್ಯಾಯಾಲಯಕ್ಕೆ ಒಯ್ದವು. ಉಳುವವರಿಲ್ಲದ, ಮನೆ ಕಟ್ಟಲೂ ಹಿಂಜರಿಯುವ ನೆಲಕ್ಕೂ ತಕರಾರೇ?

ಶಾರದಾ ಮೇಡಂ: ಪ್ರಕಾಶ್ ಅವರೇ, ಕಸ ತುಂಬಿಸಿ ಮೇಲೆ ಮಣ್ಣು ಹೊದಿಸಿದ ಮಾತ್ರಕ್ಕೆ ಅದು ಖಾಲಿ ನೆಲವಾಗುವುದಿಲ್ಲ. ಒಳಗೆ ಕೊಳೆಯುವ ಕೆಲಸ ದಶಕಗಳ ಕಾಲ ನಡೆಯುತ್ತಲೇ ಇರುತ್ತದೆ. ಹೊರಬರುವ ಅನಿಲದಲ್ಲಿ ಸುಮಾರು ಅರ್ಧದಷ್ಟು ಮೀಥೇನ್ ಇದ್ದು, ಅದು ಗಾಳಿಯಲ್ಲಿ ಶೇ. 5ರಿಂದ 15ರಷ್ಟು ಬೆರೆತರೆ ಕಿಡಿಯೊಂದೇ ಸಾಕು. 1986ರ ಮಾರ್ಚ್‌ನಲ್ಲಿ ಡರ್ಬಿಶೈರ್‌ನ ಲಾಸ್ಕೋ ಗ್ರಾಮದಲ್ಲಿ ವಾಯುಭಾರ ಹಠಾತ್ತನೆ ಕುಸಿದಾಗ ಪಕ್ಕದ ಕಸದ ಗುಂಡಿಯ ಅನಿಲ ನೆಲದೊಳಗಿಂದ ನುಗ್ಗಿ ಒಂದು ಮನೆಯನ್ನೇ ಸ್ಫೋಟಿಸಿತು. ಇದರ ಮೇಲೆ ನೆಲ ಕುಸಿಯುವ ಸಮಸ್ಯೆ ಬೇರೆ: ಕಸ ಒಂದೆಡೆ ಹೆಚ್ಚು, ಇನ್ನೊಂದೆಡೆ ಕಡಿಮೆ ಇಳಿಯುತ್ತದೆ, ಇಳಿಯುವಾಗ ಪೈಲ್‌ಗಳನ್ನೂ (ಕಟ್ಟಡದ ಭಾರ ಹೊರಲು ನೆಲದಾಳಕ್ಕೆ ಇಳಿಸುವ ಕಂಬಗಳು) ತನ್ನೊಡನೆ ಕೆಳಕ್ಕೆಳೆಯುತ್ತದೆ. ಪೈಲ್ ಅನ್ನು ಕೆಳಗಿನ ಗಟ್ಟಿ ಪದರದವರೆಗೆ ಇಳಿಸಿದರೆ ಕಸದ ರಸ ಅಂತರ್ಜಲಕ್ಕೆ ಸೇರಲು ನಾವೇ ದಾರಿ ಮಾಡಿಕೊಟ್ಟಂತಾಗಬಹುದು.

ಪ್ರಕಾಶ (ಸ್ಲೌ): ಮೇಡಂ, ಇವೆಲ್ಲಕ್ಕೂ ಪರಿಹಾರಗಳಿವೆಯೆಂದು ತರಗತಿಯಲ್ಲಿ ಕಲಿಸಿದವರೇ ನೀವು. ಅನಿಲ ತಡೆಯುವ ಪೊರೆ, ಹೊರಬಿಡುವ ಕೊಳವೆ, ನಿರಂತರ ಅಳತೆ, ಎಲ್ಲವೂ ರೂಢಿಯಲ್ಲಿವೆ. ಅಲ್ಲಿ ರಾತ್ರಿ ಮಲಗುವ ಮಕ್ಕಳೂ ಇರುವುದಿಲ್ಲ. ಹಾಗಾದರೆ ಸ್ಲೌ ಸುತ್ತಲಿನ ಹಸಿರು ಹೊಲಗಳನ್ನೇ ಕೊಡಬೇಕೇ?

ವಿನಾಯಕ (ಬೆಂಗಳೂರು): ಜನರ ಹೋರಾಟದಿಂದ 2014ರಲ್ಲಿ ಬೆಂಗಳೂರಿನ ಹೊರವಲಯದ ಮಂಡೂರಿಗೆ ನಗರದ ಕಸದ ಲಾರಿಗಳು ಬರುವುದು ನಿಂತಿತು, ಆದರೆ ಕಸದ ಗುಡ್ಡ ಅಲ್ಲೇ ಉಳಿಯಿತು. ಅದರ ಮೇಲೆ ನಾಳೆ ಯಾರಾದರೂ ‘ಡೇಟಾ ಸೆಂಟರ್ ಕ್ಯಾಂಪಸ್’ ಎಂಬ ಫಲಕ ನೆಟ್ಟರೆ ಊರವರ ಬಾವಿ ನೀರನ್ನು ಪರೀಕ್ಷಿಸುವವರು ಯಾರು?

ಶಾರದಾ ಮೇಡಂ: ವಿನಾಯಕ ಕೇಳಿದ್ದೇ ನನ್ನ ಪ್ರಶ್ನೆ. ಪ್ರಕಾಶ್, ಮನೆಗಳಿಗಿಂತ ಡೇಟಾ ಸೆಂಟರ್ ಇಂಥ ನೆಲಕ್ಕೆ ವಾಸಿ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಪರಿಹಾರವಿದೆ ಎನ್ನುವುದು ಬೇರೆ, ಅದನ್ನು ಮಾಡಲೇಬೇಕೆಂದು ಅನುಮತಿಯ ಷರತ್ತಿನಲ್ಲಿ ಬರೆಯುವುದು ಬೇರೆ. ಐವರ್‌ನ ಅನುಮತಿಯನ್ನು ಪರಿಸರ ಪರಿಣಾಮ ಮೌಲ್ಯಮಾಪನವಿಲ್ಲದೆಯೇ ಕೊಡಲಾಗಿತ್ತು. ಆ ನಿರ್ಧಾರದಲ್ಲಿ ದೋಷವಿತ್ತೆಂದು ಈಗ ಸರ್ಕಾರವೇ ಒಪ್ಪಿದೆ. ವಿದ್ಯುತ್ತಿನ ಲೆಕ್ಕವನ್ನೂ ಮರೆಯಬೇಡಿ. 2022ರಲ್ಲೇ ಪಶ್ಚಿಮ ಲಂಡನ್‌ನ ಕೆಲವು ಬರೋಗಳಲ್ಲಿ (ಸ್ಥಳೀಯ ಆಡಳಿತ ವಿಭಾಗಗಳಲ್ಲಿ) ಹೊಸ ಮನೆಗಳಿಗೆ ವಿದ್ಯುತ್ ಸಂಪರ್ಕ ಸಿಗಲು 2035ರವರೆಗೂ ಕಾಯಬೇಕಾದೀತೆಂಬ ಎಚ್ಚರಿಕೆ ಬಂದಿತ್ತು, ಅದಕ್ಕೆ ಡೇಟಾ ಸೆಂಟರ್‌ಗಳ ಬೇಡಿಕೆಯೂ ಒಂದು ಕಾರಣವಾಗಿತ್ತು.

ಪ್ರಕಾಶ (ಸ್ಲೌ): ಮೌಲ್ಯಮಾಪನ ನಡೆಯಲಿ, ನನ್ನ ಅಭ್ಯಂತರವಿಲ್ಲ. ಆದರೆ ಅದು ಮುಗಿದ ಮೇಲೂ ವಿರೋಧಿಸುವವರು ಬೇರೆ ಜಾಗ ಯಾವುದೆಂದು ಹೇಳಬೇಕು.

ಶಾರದಾ ಮೇಡಂ: ಅವರು ಹೇಳಲಿ. ಕಟ್ಟುವವರು ಅನಿಲದ ಅಳತೆಯ ವರದಿಯನ್ನು ಎಷ್ಟು ವರ್ಷ ಪ್ರಕಟಿಸುತ್ತಾರೆಂದೂ ಮೊದಲೇ ಬರೆದುಕೊಡಲಿ.