ನೆರೆಕರೆಯವರ ತಂತಿಬೇಲಿ ನಮ್ಮ ತೋಟದೊಳಗೆ: ವಕೀಲರ ಹತ್ತಿರ ಪ್ರಶ್ನೋತ್ತರ

ಪ್ರಶ್ನೆ: ವಕೀಲರೇ, ನಮಸ್ಕಾರ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮದು ಅಡಿಕೆ ತೋಟ. ಅಪ್ಪನ ಕಾಲದಿಂದ ಗಡಿಗೆ ಅಗಳು (ತೋಡಿದ ಕಂದಕ) ಇತ್ತು. ಮಳೆಗೆ ಬರೆ ಕುಸಿದು ಅದು ಅರ್ಧ ಮುಚ್ಚಿತು. ಕಳೆದ ತಿಂಗಳು ನೆರೆಕರೆಯವರು ಅಗಳು ದಾಟಿ ನಮ್ಮ ಕಡೆಗೆ ತಂತಿಬೇಲಿ ಹಾಕಿಸಿದರು. ಅಡಿಕೆ ಮರದ ಒಂದು ಸಾಲೇ ಆಚೆ ಹೋಯಿತು. ಕೇಳಿದರೆ "ನನ್ನ ಆಧಾರದಲ್ಲಿ (ಜಾಗದ ರಿಜಿಸ್ಟರ್ ಪತ್ರದಲ್ಲಿ) ಇಷ್ಟು ಸೆಂಟ್ಸ್ ಇದೆ, ಅಳೆದೇ ಹಾಕಿದ್ದು" ಅನ್ನುತ್ತಾರೆ. ತಮ್ಮನಿಗೆ ಬೇಲಿ ಕಿತ್ತು ಬಿಸಾಡುವ ಆತುರ. ಏನು ಮಾಡುವುದು?

ಉತ್ತರ: ಬೇಲಿ ಮುಟ್ಟಬೇಡಿ. ಕಿತ್ತರೆ ಕೇಸು ನಿಮ್ಮ ಮೇಲೆ ಬೀಳುತ್ತದೆ, ಜಾಗದ ಮಾತು ಮೂಲೆಗೆ ಹೋಗುತ್ತದೆ. ಅಗಳಿನ ಗುರುತು, ಗಡಿಕಲ್ಲು, ಆಚೆ ಹೋದ ಮರಗಳು ಕಾಣುವ ಹಾಗೆ ಇವತ್ತೇ ಫೋಟೋ ತೆಗೆದಿಡಿ. ಇನ್ನೊಂದು ಮಳೆಗೆ ಆ ಗುರುತೂ ಇರುವುದಿಲ್ಲ.

"ಇಷ್ಟು ಸೆಂಟ್ಸ್ ಇದೆ" ಅನ್ನುವ ವಾದಕ್ಕೆ ಜಾಸ್ತಿ ಹೆದರಬೇಡಿ. ಆಧಾರದಲ್ಲಿ ನಾಲ್ಕು ದಿಕ್ಕಿನ ಗಡಿಯನ್ನೂ ಬರೆದಿರುತ್ತಾರೆ. ಗಡಿಗೂ ವಿಸ್ತೀರ್ಣಕ್ಕೂ ತಾಳೆ ಆಗದಿದ್ದರೆ ಕೋರ್ಟು ಸಾಮಾನ್ಯವಾಗಿ ಗಡಿಯ ವಿವರವನ್ನೇ ಒಪ್ಪುತ್ತದೆ. ಅವರ ಆಧಾರದಲ್ಲೇ "ಪೂರ್ವಕ್ಕೆ ಅಗಳು" ಎಂದಿದ್ದರೆ, ಸೆಂಟ್ಸ್ ಕಡಿಮೆ ಬಂತು ಅಂತ ಅಗಳು ದಾಟುವ ಹಾಗಿಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಿನಿಂದ ಎರಡೂ ಕಡೆಯ ಹಳೆ ಆಧಾರಗಳ ನಕಲು ತೆಗೆಸಿ. 1956ಕ್ಕಿಂತ ಹಿಂದಿನ ಪತ್ರ ಸಿಕ್ಕಿದರೂ ಬಿಡಬೇಡಿ. ಆಗ ನಾವು ಮದರಾಸಿನ ದಕ್ಷಿಣ ಕನ್ನಡ ಜಿಲ್ಲೆಯವರು, ಅಲ್ವಾ! ಇನ್ನೊಂದು ಗೊಂದಲ ಅಳತೆಯದ್ದು. ಹಳೆ ಆಧಾರದಲ್ಲಿ ಸೆಂಟ್ಸ್, ಈಗಿನ ತೀರ್ವೆ (ಭೂಕಂದಾಯ) ರಶೀದಿಯಲ್ಲಿ ಆರ್. ಒಂದು ಆರ್ ಅಂದರೆ ಸುಮಾರು 2.47 ಸೆಂಟ್ಸ್. ಲೆಕ್ಕ ಹಾಕದೆ ಜಗಳಕ್ಕೆ ಇಳಿಯುವವರೇ ಜಾಸ್ತಿ.

ಆಮೇಲೆ ತಾಲೂಕು ಸರ್ವೆಯರಿಂದ ಅಳೆಸಲು ಅರ್ಜಿ ಹಾಕಿ. ಆಧಾರದ ನಕಲು, ತೀರ್ವೆ ರಶೀದಿ ಲಗತ್ತಿಸಿ. ಅಳೆಯುವ ದಿನ ನೆರೆಕರೆಯವರಿಗೂ ನೋಟೀಸು ಹೋಗಿರಬೇಕು, ಅವರೂ ಎದುರಿಗೆ ಇರಬೇಕು. ಖಾಸಗಿಯಾಗಿ ಅಳೆಸಿದ್ದನ್ನು ಅವರು ಒಪ್ಪುವುದಿಲ್ಲ, ದುಡ್ಡು ದಂಡ. ಮಲಯಾಳ ಬರುವುದಿಲ್ಲ ಅಂತ ಹಿಂಜರಿಯಬೇಡಿ. ಸಂವಿಧಾನದ 350ನೇ ವಿಧಿ ಪ್ರಕಾರ ಅಹವಾಲನ್ನು ಕನ್ನಡದಲ್ಲೇ ಕೊಡಬಹುದು.

ಪ್ರಶ್ನೆ: ಸರ್ವೆಗೆ ಎಷ್ಟು ಕಾಲ ಹಿಡಿಯುತ್ತದೋ. ಅಷ್ಟರವರೆಗೆ ಸುಮ್ನೆ ಕೂತರೆ ಜಾಗ ಅವರದ್ದೇ ಆಗುತ್ತದೆ ಅಂತ ಊರಲ್ಲಿ ಹೇಳುತ್ತಾರೆ.

ಉತ್ತರ: ಹಾಗೆ ಒಮ್ಮೆಲೇ ಆಗುವುದಿಲ್ಲ. ಬಹಿರಂಗವಾಗಿ, ನಿಮ್ಮ ಹಕ್ಕಿಗೆ ವಿರುದ್ಧವಾಗಿ, ಬಿಡದೆ 12 ವರ್ಷ ಅನುಭವಿಸಿದರೆ ಮಾತ್ರ ಆ ಪ್ರಶ್ನೆ. ನಿಮಗೆ ಅದಕ್ಕಿಂತ ಮುಖ್ಯ ಗಡುವು ಬೇರೆ ಇದೆ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಪ್ರಕಾರ, ಒಪ್ಪಿಗೆಯಿಲ್ಲದೆ, ಕಾನೂನು ದಾರಿ ಬಿಟ್ಟು ಸ್ವಾಧೀನ ತಪ್ಪಿಸಿದರೆ ಆರು ತಿಂಗಳೊಳಗೆ ದಾವೆ ಹೂಡಬಹುದು. ಆ ದಾವೆಯಲ್ಲಿ ಹಕ್ಕು ಯಾರದ್ದು ಅಂತ ಸಾಬೀತು ಮಾಡಬೇಕಿಲ್ಲ. ಬೇಲಿ ಬರುವವರೆಗೆ ಅಡಿಕೆ ಕೊಯ್ಯುತ್ತಿದ್ದವರು ನೀವೇ ಅಂತ ತೋರಿಸಿದರೆ ಸಾಕು. ಬೇಲಿ ಹಾಕಿದ ತಾರೀಕು ಬರೆದಿಡಿ. ಕೊಯ್ಲಿನವರು, ಮದ್ದು ಬಿಡುವವರು ಒಳ್ಳೆಯ ಸಾಕ್ಷಿ.

ಆರು ತಿಂಗಳು ದಾಟಿದರೂ ಹಕ್ಕಿನ ಆಧಾರದ ಮೇಲೆ ಮುನ್ಸಿಫ್ ಕೋರ್ಟಿಗೆ ಹೋಗಬಹುದು. ಬರೀ ತಡೆಯಾಜ್ಞೆ ಕೇಳಿದರೆ ಸಾಲದು, ಜಾಗ ಈಗಾಗಲೇ ಬೇಲಿಯಾಚೆ ಇದೆ. ಸ್ವಾಧೀನ ವಾಪಸ್ ಬೇಕು ಅಂತಲೂ ಕೇಳಬೇಕು. ಸರ್ವೆಯರ ಜೊತೆ ಕೋರ್ಟು ನೇಮಿಸುವ ಕಮಿಷನರನ್ನು ಸ್ಥಳಕ್ಕೆ ಕಳಿಸುವಂತೆ ಅರ್ಜಿ ಹಾಕಿದರೆ ಅಳತೆಯೂ ಕೋರ್ಟಿನ ಮೂಲಕವೇ ಆಗುತ್ತದೆ.

ಪ್ರಶ್ನೆ: ಅವರ ಅಣ್ಣ ರಾಜಿಗೆ ಬರುತ್ತೇನೆ ಅನ್ನುತ್ತಿದ್ದಾರೆ. ಮರದ ಸಾಲು ನಮಗೆ, ಬದಲಿಗೆ ಕೆಳಗಿನ ಮೂಲೆ ಅವರಿಗೆ. ಬಾಯಿಮಾತು ಸಾಕಾ?

ಉತ್ತರ: ಸಾಲದು. ಇದು ಜಾಗದ ಅದಲು ಬದಲು, ರಿಜಿಸ್ಟರ್ ಆಗಬೇಕು. ಹಳೆ ಗಡಿಯನ್ನೇ ಇಬ್ಬರೂ ಒಪ್ಪುವುದಾದರೆ ತಾಲೂಕು ಕಾನೂನು ಸೇವಾ ಸಮಿತಿಯ ಲೋಕ ಅದಾಲತ್ತಿಗೆ ಹೋಗಿ. ಕೋರ್ಟು ಫೀಸಿಲ್ಲ, ಅಲ್ಲಿ ಒಪ್ಪಿ ಸಹಿ ಹಾಕಿದ್ದಕ್ಕೆ ಕೋರ್ಟಿನ ಡಿಕ್ರಿಯ ಬಲ ಇರುತ್ತದೆ, ಅಪೀಲಿಲ್ಲ. ನನ್ನನ್ನು ಕೇಳಿದರೆ ಒಂದು ಸಾಲು ಅಡಿಕೆಗೆ ಇದೇ ಸರಿ. ಆದರೆ ಆಧಾರದಲ್ಲಿ ಹೆಸರಿರುವ ಎಲ್ಲರೂ ಸಹಿ ಹಾಕಬೇಕು. ಗಲ್ಫಿನಲ್ಲಿ ಯಾರಾದರೂ ಇದ್ದರೆ ಪವರ್ ಆಫ್ ಅಟಾರ್ನಿಯ ಕೆಲಸ ಈಗಲೇ ಶುರುಮಾಡಿ.